ಮೂವತ್ತು ಪಾಲಿನ ಲೆಕ್ಕ

ಸರಕಾರಿ ಕಚೇರಿಗೆ ಅಲೆದವರಿಗೆಲ್ಲ ‘ಕಡತ’ ಎಂಬ ಮಾತು ಗೊತ್ತು. ಮೇಜಿನಿಂದ ಮೇಜಿಗೆ ಹೋಗುವುದು, ವಿಲೇವಾರಿಯಾಗದೆ ಉಳಿಯುವುದು, ಬೇಕಾದ ದಿನವೇ ಕಾಣೆಯಾಗುವುದು. ಇನ್ನೂರು ವರ್ಷಗಳ ಹಿಂದೆ ಅದೊಂದು ಬಟ್ಟೆಯಾಗಿತ್ತು. ಉದ್ದನೆಯ ಹತ್ತಿಬಟ್ಟೆಯ ಎರಡೂ ಬದಿಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ತುದಿಗಳಿಗೆ ಹಲಗೆ ಕಟ್ಟಿದರೆ ಕಡತ ಸಿದ್ಧ. ಬರೆಯುವುದು ಬಳಪದಲ್ಲಿ. ಒದ್ದೆ ಬಟ್ಟೆ ತಾಗಿದರೆ ಬರಹ ಅಳಿಸಿಹೋಗುತ್ತದೆ. ಯಾರೂ ಮುಟ್ಟದಿದ್ದರೆ ತಲೆಮಾರುಗಳ ಕಾಲ ಉಳಿಯುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಂಥ ಹಳೆಯ ಲೆಕ್ಕಗಳನ್ನು ಕೆದಕಬೇಕಾಯಿತು. ಎಷ್ಟು ತೆರಿಗೆ ಎತ್ತಬೇಕು ಎಂದು ನಿರ್ಧರಿಸುವ ಮೊದಲು ಹಿಂದೆ ಯಾರು ಎಷ್ಟು ಎತ್ತಿದ್ದರು ಎಂದು ತಿಳಿಯಬೇಕಿತ್ತು. 1800ರ ಮೇ 31ರಂದು ಅವನು ರೆವಿನ್ಯೂ ಬೋರ್ಡಿಗೆ ಬರೆದ ಪತ್ರದಲ್ಲಿ ವಿಜಯನಗರದಿಂದ ಟಿಪ್ಪುವಿನವರೆಗಿನ ಕರಾವಳಿಯ ಕಂದಾಯದ ಕಥೆಯೇ ಇದೆ. ಅದರ ಉದ್ದಕ್ಕೂ ಎರಡು ಮಾತುಗಳು ಕಾಣಸಿಗುತ್ತವೆ. ಒಂದು ‘ರೇಖೆ’, ವಿಜಯನಗರದ ಕಾಲದಿಂದ ಬಂದ ನಿಗದಿಯಾದ ತೆರಿಗೆ. ಇನ್ನೊಂದು ‘ಶಾಮಿಲು’, ಆ ರೇಖೆಯ ಮೇಲೆ ಆಮೇಲೆ ಬಂದವರು, ಮುಖ್ಯವಾಗಿ ಹೈದರ್ ಮತ್ತು ಟಿಪ್ಪುವಿನ ಆಡಳಿತ, ಹೇರುತ್ತ ಹೋದ ಹೆಚ್ಚುವರಿ.

ಇಂದು ರೇಖೆ ಎಂದರೆ ಶಾಲೆಯ ಮಗುವಿಗೆ ಗೆರೆ, ರೇಖಾಗಣಿತ, ಪತ್ರಿಕೆಯಲ್ಲಿ ಏರಿಳಿಯುವ ನಕ್ಷೆ. ಕೆನರಾದ ಮಂಗಳೂರಿನ ಸೀಮೆಯಲ್ಲಿ ಮಾತ್ರ ಒಂದು ಕಾಲಕ್ಕೆ ತೆರಿಗೆ ಮತ್ತು ಗೆರೆ ಎರಡಕ್ಕೂ ಒಂದೇ ಹೆಸರಿತ್ತು. ಇದು ಆಕಸ್ಮಿಕ ಇದ್ದೀತು. ಆದರೂ ತೆರಿಗೆಯನ್ನು ಅಂಕಿ ಅಂಶ, ನಕ್ಷೆಗಳಲ್ಲಿ ಅರ್ಥ ಮಾಡಿಕೊಳ್ಳಲು ಹೊರಟವರಿಗೆ ಈ ಊರು ಒಳ್ಳೆಯ ಪಾಠಶಾಲೆ. ಅಂಕಿಯ ಹಿಂದೆ ಇರುವುದು ಅಂಕಿಗಿಂತ ಹಳೆಯ ಪ್ರಶ್ನೆ: ಒಬ್ಬರ ದುಡಿಮೆಯಲ್ಲಿ ಮತ್ತೊಬ್ಬರಿಗೆ ಪಾಲು ಹುಟ್ಟುವುದು ಹೇಗೆ? ಅದು ದಾನವೋ, ದಂಡವೋ, ತೀರಿಸಬೇಕಾದ ಋಣವೋ?

ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹರಿಹರರಾಯನ ಕಾಲದ್ದೆಂದು ಹೇಳುವ ಒಂದು ಹಂಚಿಕೆಯನ್ನು ಕೊಡುತ್ತಾನೆ. ವಿದ್ಯಾರಣ್ಯರು ಪರಾಶರ ಸ್ಮೃತಿಯ ಆಧಾರದಲ್ಲಿ ಮಾಡಿದ್ದೆಂದು ಅವನ ಹೇಳಿಕೆ. ಗದ್ದೆಯ ಬೆಳೆಯನ್ನು ಮೂವತ್ತು ಪಾಲು ಮಾಡಿದರೆ ಉಳುವವನಿಗೆ 15, ಭೂಮಿಯ ಒಡೆಯನಿಗೆ ಏಳೂವರೆ, ಸರಕಾರಕ್ಕೆ 5, ಬ್ರಾಹ್ಮಣರಿಗೆ ಒಂದೂವರೆ, ದೇವರಿಗೆ 1. ಕೂಡಿಸಿದರೆ ಸರಿಯಾಗಿ ಮೂವತ್ತು.

ಇದನ್ನೊಂದು ವೃತ್ತದಲ್ಲಿ ಬರೆದು ನೋಡಬಹುದು. ಅರ್ಧ ವೃತ್ತ ಉಳುವವನದು. ಉಳಿದರ್ಧದಲ್ಲಿ ಅರ್ಧ ಒಡೆಯನದು. ಕೊನೆಯ ಕಾಲುಭಾಗದಲ್ಲಿ ರಾಜ, ಬ್ರಾಹ್ಮಣ, ದೇವರು ಮೂವರೂ ಒತ್ತಿಕೊಂಡು ಕೂರಬೇಕು. ದೇವರ ತುಂಡು ಎಲ್ಲಕ್ಕಿಂತ ತೆಳ್ಳಗೆ. ಹತ್ತು ಮಾತಿನಲ್ಲಿ ಹೇಳಲಾಗದ್ದು ವೃತ್ತದಲ್ಲಿ ಕಣ್ಣಿಗೆ ಬೀಳುತ್ತದೆ. ಬೀಳದೆ ಉಳಿಯುವುದೂ ಇದೆ. ಉಳುವವನ ಅರ್ಧದಲ್ಲಿ ಬಿತ್ತನೆ ಬೀಜ ಎಷ್ಟು, ಎತ್ತಿನ ಮೇವು ಎಷ್ಟು, ಅವನ ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸರಿಗೆ ಎಷ್ಟು? ಆ ಹೆಂಗಸರಿಗೆ ವೃತ್ತದಲ್ಲಿ ಜಾಗವೇ ಇಲ್ಲ. ಮೂವತ್ತು ಪಾಲಿನ ಲೆಕ್ಕದಲ್ಲಿ ದೇವರಿಗೂ ಒಂದು ಪಾಲಿದೆ, ಕೆಸರಲ್ಲಿ ಬಗ್ಗಿದವಳಿಗೆ ಇಲ್ಲ.

ಮೂವತ್ತರಲ್ಲಿ ಐದು ಎಂದರೆ ಆರರಲ್ಲೊಂದು. ಧರ್ಮಶಾಸ್ತ್ರದ ಪ್ರಸಿದ್ಧ ಷಡ್ಭಾಗ. ಮನು ಧಾನ್ಯಕ್ಕೆ ಆರರಲ್ಲೊಂದು, ಎಂಟರಲ್ಲೊಂದು ಅಥವಾ ಹನ್ನೆರಡರಲ್ಲೊಂದು ಎನ್ನುತ್ತಾನೆ. ಜಿಗಣೆ, ಕರು, ದುಂಬಿಗಳು ಹೀರುವ ಹಾಗೆ ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳಬೇಕೆಂಬ ಅವನ ಉಪಮೆಯನ್ನು ಬಜೆಟ್ ಭಾಷಣಕಾರರು ದುಂಬಿಯಷ್ಟಕ್ಕೇ ನೆನಪಿಟ್ಟುಕೊಳ್ಳುತ್ತಾರೆ. ಜಿಗಣೆಯನ್ನು ಯಾರೂ ಎತ್ತುವುದಿಲ್ಲ. ಆದರೆ ಮನುವಿನ ನಿಜವಾದ ಬಿಗಿ ಬೇರೆಡೆ ಇದೆ. ಕಾಪಾಡುವ ರಾಜನಿಗೆ ಪ್ರಜೆಗಳ ಪುಣ್ಯದಲ್ಲೂ ಆರರಲ್ಲೊಂದು ಬರುತ್ತದೆ. ಕಾಪಾಡದವನಿಗೆ ಅವರ ಪಾಪದಲ್ಲಿ ಆರರಲ್ಲೊಂದು. ಬತ್ತದ ಅನುಪಾತವೇ ಪಾಪಪುಣ್ಯದ ಅನುಪಾತ. ತೆರಿಗೆ ಇಲ್ಲಿ ಕಾಣಿಕೆ ಅಲ್ಲ, ಸಂಬಳ. ಕೆಲಸ ಮಾಡದೆ ಸಂಬಳ ತೆಗೆದುಕೊಂಡವನ ಕಥೆ ಏನಾಗಬೇಕೋ ಅದೇ ರಾಜನದ್ದೂ.

ಹದಿನೇಳನೆಯ ಶತಮಾನದ ನಡುವಿನಲ್ಲಿ ಕರಾವಳಿಯನ್ನೂ ಆಳಿದ ಕೆಳದಿಯ ಶಿವಪ್ಪ ನಾಯಕ ಶಾಸ್ತ್ರದ ಅನುಪಾತಕ್ಕೆ ತೃಪ್ತನಾಗಲಿಲ್ಲ, ಅಳೆಯಲು ಹೊರಟ. ಬೇರೆ ಬೇರೆ ಜಾತಿಯ ಮಣ್ಣಿನ ತುಂಡು ಭೂಮಿಯಲ್ಲಿ ಐದು ವರ್ಷ ಸತತವಾಗಿ ಸರಕಾರದ ಖರ್ಚಿನಲ್ಲೇ ಬಿತ್ತಿಸಿ, ಬೀಜ ಎಷ್ಟು, ಖರ್ಚು ಎಷ್ಟು, ಬೆಳೆ ಎಷ್ಟು, ಧಾರಣೆ ಎಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಮಣ್ಣಿಗೆ ತಕ್ಕಂತೆ ತೆರಿಗೆ ಕಟ್ಟಿದ ಎಂಬುದು ಅವನ ‘ಶಿಸ್ತಿ’ನ ಕಥೆ. ಸರಕಾರದ ಪಾಲು ಬೆಳೆಯ ಮೂರರಲ್ಲೊಂದು, ಷಡ್ಭಾಗದ ಇಮ್ಮಡಿ. ಆದರೂ ಜನ ಅವನನ್ನು ನೆನೆಯುವುದು ‘ಶಿಸ್ತಿನ ಶಿವಪ್ಪ ನಾಯಕ’ ಎಂದೇ. ಅಂದಿನ ಶಿಸ್ತು ಎಂದರೆ ಕಂದಾಯದ ನಿಗದಿ. ಇಂದಿನ ಶಿಸ್ತು ಶಾಲೆಯ ಸಾಲಿನಲ್ಲಿ ನಿಲ್ಲುವುದು. ಕಡಿಮೆ ತೆಗೆದುಕೊಂಡವನಿಗಿಂತ ಲೆಕ್ಕ ಇಟ್ಟು ತೆಗೆದುಕೊಂಡವನಿಗೆ ಜನ ಹೆಸರು ಕೊಟ್ಟಿದ್ದಾರೆ. ಎಷ್ಟು ಎಂಬ ಪ್ರಶ್ನೆಗಿಂತ ಹೇಗೆ ಎಂಬ ಪ್ರಶ್ನೆ ದೊಡ್ಡದಾಗಿದ್ದೀತು.

ಶಾಮಿಲು ಎಂಬ ಮಾತು ಸತ್ತಿದೆ, ಶಾಮಿಲು ಸತ್ತಿಲ್ಲ. ನೋಡಬೇಕಾದರೆ ಮಂಗಳೂರಿನಿಂದ ಕಾಸರಗೋಡಿನ ಕಡೆ ಹೋಗುವ ಹೆದ್ದಾರಿಯಲ್ಲಿ ತಲಪಾಡಿಗೆ ಹೋದರೆ ಸಾಕು. ಗಡಿಯ ಈಚೆಗಿನ ಪೆಟ್ರೋಲ್ ಬಂಕಿನಲ್ಲಿ ಕೇರಳ ನೋಂದಣಿಯ ವಾಹನಗಳು ಸಾಲು ನಿಂತಿರುತ್ತವೆ. ಆಚೆ ಹೋದರೆ ಇಂಧನ ದುಬಾರಿ. ಅಲ್ಲಿ 2023ರ ಏಪ್ರಿಲಿನಿಂದ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಬೇರೆ ಸೇರಿದೆ. ಈಚೆಯೂ ಅಂಥ ಅಗ್ಗವೇನಲ್ಲ. 2024ರ ಜೂನ್ 15ರಂದು ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್ ತೆರಿಗೆ 2025ರ ಏಪ್ರಿಲಿನಲ್ಲಿ ಮತ್ತೆ ಏರಿ ಶೇ. 21.17 ಆಯಿತು. ಹತ್ತಿರದ ಕುತ್ತೆತ್ತೂರಿನ ಎಂಆರ್‌ಪಿಎಲ್‌ನಲ್ಲಿ ಕಚ್ಚಾತೈಲ ಶುದ್ಧಗೊಳ್ಳುತ್ತದೆ. ಅದರ ಬೆಲೆ ಮಾತ್ರ ಗೆರೆ ದಾಟಿದ ಕೂಡಲೇ ಬದಲಾಗುತ್ತದೆ.

ಕೇಂದ್ರದ ಪಾಲಿನ ಒಳಹೊಕ್ಕರೆ ಮನ್ರೋನ ಎರಡು ಮಾತುಗಳು ಜೀವ ತಳೆದು ನಿಲ್ಲುತ್ತವೆ. 2022ರ ಮೇ ತಿಂಗಳಿನಿಂದ 2025ರ ಏಪ್ರಿಲಿನವರೆಗೆ ಪೆಟ್ರೋಲಿನ ಮೇಲೆ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ 19 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ವಿಶೇಷ ಹೆಚ್ಚುವರಿ ಸುಂಕ 11 ರೂಪಾಯಿ, ರಸ್ತೆ ಸೆಸ್ 5 ರೂಪಾಯಿ, ಕೃಷಿ ಸೆಸ್ ಎರಡೂವರೆ ರೂಪಾಯಿ. ಸೆಸ್ಸು, ಸರ್‌ಚಾರ್ಜುಗಳನ್ನು ಕೇಂದ್ರ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾಗಿಲ್ಲ. ಹಂಚಿಕೆಯ ಬುಟ್ಟಿಗೆ ಬೀಳುತ್ತಿದ್ದುದು ಆ 1 ರೂಪಾಯಿ 40 ಪೈಸೆ. ರೇಖೆ ಒಂದು ಗೇಣು, ಶಾಮಿಲು ಹದಿಮೂರು ಗೇಣು. ಕಂಬದ ನಕ್ಷೆಯಲ್ಲಿ ಬರೆದರೆ ತಳದ ಬಣ್ಣ ಕಾಣಿಸುವುದೇ ಕಷ್ಟ.

ಇನ್ನು ಮುಂದೆ ಹೋಗುವ ಮೊದಲು ಮೂಡುಬಿದಿರೆಗೆ ಒಂದು ಸುತ್ತು ಬಂದರೆ ಒಳ್ಳೆಯದು. ಮಂಗಳೂರಿನಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಸಾವಿರ ಕಂಬದ ಬಸದಿಯ ಊರು. ಧವಳ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು. ಅಲ್ಲಿ ಬೇರುಬಿಟ್ಟ ಜೈನ ದರ್ಶನದಲ್ಲಿ ‘ನಯ’ ಎಂಬ ಒಂದು ವಿಚಾರವಿದೆ. ವಸ್ತುವಿಗೆ ಲೆಕ್ಕವಿಲ್ಲದಷ್ಟು ಮುಖಗಳು. ನೋಡುವವನಿಗೆ ಒಂದು ಸಲಕ್ಕೆ ಒಂದೇ ಮುಖ ಕಾಣುತ್ತದೆ. ಆ ಒಂದು ನೋಟ ನಯ. ಅದು ಸುಳ್ಳಲ್ಲ, ಅರೆ. ‘ಸ್ಯಾತ್’, ಅಂದರೆ ‘ಒಂದು ದೃಷ್ಟಿಯಿಂದ’, ಎಂದು ಸೇರಿಸಿ ಹೇಳಿದರೆ ನಯ. ಇದೇ ಸರಿ, ಬೇರೆಲ್ಲ ತಪ್ಪು ಎಂದು ಹೊರಟರೆ ದುರ್ನಯ.

ಶಾಸ್ತ್ರಕಾರರು ಏಳು ನಯಗಳನ್ನು ಹೆಸರಿಸಿದ್ದಾರೆ. ತೆರಿಗೆಯ ನಕ್ಷೆ ಓದುವವರಿಗೆ ಅವುಗಳಲ್ಲಿ ನಾಲ್ಕು ಕೈಗೆ ಬರುತ್ತವೆ.

ಮೊದಲನೆಯದು ಸಂಗ್ರಹನಯ: ಬಿಡಿಯನ್ನು ಬಿಟ್ಟು ಒಟ್ಟನ್ನು ನೋಡುವುದು. ಬಜೆಟ್ಟಿನ ಮರುದಿನ ಮಂಗಳೂರಿನ ಹಂಪನಕಟ್ಟೆಯ ಹೋಟೆಲಿನ ಮೇಜಿನ ಮೇಲೆ ಬಿದ್ದಿರುವ ಪತ್ರಿಕೆಯಲ್ಲಿ ಈ ನಯದ ಚಿತ್ರ ತಪ್ಪದೆ ಇರುತ್ತದೆ. ರೂಪಾಯಿ ನಾಣ್ಯ, ಅದರ ಮೇಲೆ ಬಣ್ಣಬಣ್ಣದ ಸೀಳು, ‘ರೂಪಾಯಿ ಬಂದದ್ದು ಎಲ್ಲಿಂದ, ಹೋದದ್ದು ಎಲ್ಲಿಗೆ’ ಎಂಬ ತಲೆಬರಹ. 2025-26ರ ನಾಣ್ಯದಲ್ಲಿ ಸಾಲ 24 ಪೈಸೆ, ಆದಾಯ ತೆರಿಗೆ 22, ಜಿಎಸ್‌ಟಿ 18, ಕಂಪನಿಗಳ ತೆರಿಗೆ 17, ತೆರಿಗೆಯಲ್ಲದ ಆದಾಯ 9, ಅಬಕಾರಿ 5, ಆಮದು ಸುಂಕ 4, ಉಳಿದದ್ದು 1. ಖರ್ಚಿನ ಮುಖದಲ್ಲಿ ರಾಜ್ಯಗಳ ಪಾಲು 22 ಪೈಸೆ, ಬಡ್ಡಿ 20, ರಕ್ಷಣೆ 8. ಹಳೆಯ ಸಾಲದ ಬಡ್ಡಿಗೆ 20 ಪೈಸೆ ಹೋಗುವ ಮನೆಯಲ್ಲಿ ಹೊಸ ಸಾಲ 24 ಪೈಸೆ ಬರುತ್ತಿದೆ ಎಂಬುದು ಎರಡು ಮುಖಗಳನ್ನೂ ಅಕ್ಕಪಕ್ಕ ಇಟ್ಟವರಿಗೆ ಮಾತ್ರ ತಿಳಿಯುತ್ತದೆ.

ಅದೇ ಹೋಟೆಲಿನಲ್ಲಿ ಬನ್ಸು, ಗೋಳಿಬಜೆ, ಚಾ ಮುಗಿಸಿ ಎದ್ದವರ ಬಿಲ್ಲು ನೂರು ರೂಪಾಯಿ ಆಯಿತು ಎಂದುಕೊಳ್ಳಿ. ಕೆಳಗೆ ಎರಡು ಸಾಲು: ಸಿಜಿಎಸ್‌ಟಿ ಎರಡೂವರೆ, ಎಸ್‌ಜಿಎಸ್‌ಟಿ ಎರಡೂವರೆ. ಮೇಜಿನ ಮೇಲಿನ ನಾಣ್ಯದಲ್ಲಿ ಇರುವುದು ಮೊದಲ ಎರಡೂವರೆ ಮಾತ್ರ. ಎರಡನೆಯದು ವಿಧಾನಸೌಧದ ಲೆಕ್ಕ. ಬಂಕಿನಲ್ಲಿ ಕೊಟ್ಟ ಮಾರಾಟ ತೆರಿಗೆಯೂ ಅಲ್ಲಿಯದೇ. ಮನೆ ತೆರಿಗೆ ಲಾಲ್‌ಬಾಗಿನ ಪಾಲಿಕೆಯದು. ದೇಶದ ತೆರಿಗೆ ಎಂದು ಕಣ್ಣಮುಂದೆ ಇಟ್ಟ ವೃತ್ತದ ಹೊರಗೆ ಇನ್ನೆರಡು ವೃತ್ತಗಳಿವೆ. ಒಟ್ಟು ನೋಡುವ ನಯವೂ ಒಟ್ಟನ್ನು ನೋಡಿರುವುದಿಲ್ಲ.

ಎರಡನೆಯದು ವ್ಯವಹಾರನಯ: ಒಟ್ಟನ್ನು ಒಡೆದು ಬಿಡಿಬಿಡಿಯಾಗಿ ನೋಡುವುದು. ‘ಈ ದೇಶದಲ್ಲಿ ತೆರಿಗೆ ಕಟ್ಟುವವರು ನೂರಕ್ಕೆ ಇಬ್ಬರು’ ಎಂಬ ಮಾತು ಮದುವೆ ಮನೆಯ ಊಟದ ಸಾಲಿನಲ್ಲೂ ಕೇಳುತ್ತದೆ. ಆಧಾರ ಇಲ್ಲದೆ ಇಲ್ಲ. ಸರಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ 2022-23ರಲ್ಲಿ ರಿಟರ್ನ್ ಸಲ್ಲಿಸಿದವರು 7.40 ಕೋಟಿ, ಅವರಲ್ಲಿ 5.16 ಕೋಟಿ ಜನರ ತೆರಿಗೆ ಸೊನ್ನೆ. ಉಳಿದವರು 2.24 ಕೋಟಿ. ನೂರ ನಲವತ್ತು ಕೋಟಿಯ ದೇಶದಲ್ಲಿ ಅದು ನೂರಕ್ಕೆ ಎರಡೂ ಆಗುವುದಿಲ್ಲ. ಅಲ್ಲಿಗೆ ಊಟದ ಸಾಲಿನವರು ತೀರ್ಪು ಕೊಟ್ಟು ಪಾಯಸಕ್ಕೆ ಕೈ ಹಾಕುತ್ತಾರೆ: ಉಳಿದವರದ್ದು ಬಿಟ್ಟಿ ಜೀವನ.

ಆದರೆ ಉಳಿದವರಲ್ಲಿ ಒಬ್ಬಳು ಉಳ್ಳಾಲದ ಕಡೆಯ ಒಂದು ಮನೆಯ ಜಗಲಿಯಲ್ಲಿ ಗೆರಸೆ ಮಡಿಲಿಗಿಟ್ಟು ಬೀಡಿ ಕಟ್ಟುತ್ತಿರಬಹುದು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಮಾಡಿ, ನೂಲು ಸುತ್ತಿ, ತುದಿ ಮಡಚುವುದು; ಸಂಬಳ ಸಾವಿರ ಬೀಡಿಯ ಲೆಕ್ಕದಲ್ಲಿ. ಅವಳ ಹೆಸರು ಆದಾಯ ತೆರಿಗೆಯ ಯಾವ ನಕ್ಷೆಯಲ್ಲೂ ಇಲ್ಲ. ಅವಳು ಕಟ್ಟಿದ ಬೀಡಿಗೆ ಜಿಎಸ್‌ಟಿ 2017ರಿಂದ ಶೇ. 28 ಇತ್ತು, 2026ರ ಫೆಬ್ರವರಿ 1ರಿಂದ 18. ಅವಳು ಸ್ನಾನಕ್ಕೆ ತರುವ ಸಾಬೂನು, ತಲೆಗೆ ಹಚ್ಚುವ ಎಣ್ಣೆಯ ಮೇಲೆ 2025ರ ಸೆಪ್ಟೆಂಬರ್ 22ರವರೆಗೆ ಶೇ. 18 ಇತ್ತು, ಈಗ 5. ಮೊಬೈಲ್ ರೀಚಾರ್ಜಿಗೆ ಈಗಲೂ 18. ಸಾಬೂನಿನ ತೆರಿಗೆ ಅವಳಿಗೂ ಕಾರ್‌ಸ್ಟ್ರೀಟಿನ ಚಿನ್ನದ ವ್ಯಾಪಾರಿಗೂ ಒಂದೇ. ಅವಳ ತಿಂಗಳ ಗಳಿಕೆಯಲ್ಲಿ ಆ ಕೆಲವು ರೂಪಾಯಿ ಎಷ್ಟನೆಯ ಪಾಲು, ಅವನ ಗಳಿಕೆಯಲ್ಲಿ ಎಷ್ಟನೆಯ ಪಾಲು ಎಂಬ ನಕ್ಷೆಯನ್ನು ಪಕ್ಕಕ್ಕೆ ಇಟ್ಟರೆ ‘ಕಟ್ಟುವವರು’ ಎಂಬ ಶಬ್ದದ ಅರ್ಥವೇ ತಿರುಗುತ್ತದೆ.

ಮೂರನೆಯದಕ್ಕೆ ಸಮಭಿರೂಢನಯ ಎಂದು ಹೆಸರು. ಇಂದ್ರ, ಶಕ್ರ, ಪುರಂದರ ಎಂಬ ಮೂರು ಹೆಸರೂ ಒಬ್ಬನಿಗೇ ಸಲ್ಲುತ್ತವೆ ಎಂದು ಲೋಕ ತಿಳಿದರೆ, ಹೆಸರು ಬೇರೆಯಾದ ಮೇಲೆ ಅರ್ಥವೂ ಬೇರೆಯೇ ಎಂದು ಹಿಡಿಯುವ ನೋಟ ಇದು. ತರ್ಕದ ತರಗತಿಯಲ್ಲಿ ಒಣಕಲು ಎನಿಸಬಹುದು. 2020ರ ಮೇ ತಿಂಗಳಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪಿನ ಪ್ರಾಧಿಕಾರದ ಮುಂದೆ ಬಂದದ್ದು ಇದೇ ವಾದ: ಪರೋಟ ರೊಟ್ಟಿಯೇ? ರೊಟ್ಟಿಗೆ ಆಗ ತೆರಿಗೆ ಶೇ. 5. ಪ್ಯಾಕೆಟ್ಟಿನ ಪರೋಟವನ್ನು ತಿನ್ನುವ ಮೊದಲು ಮತ್ತೆ ಬಿಸಿ ಮಾಡಬೇಕಾದ್ದರಿಂದ ಅದು ರೊಟ್ಟಿಯ ಗುಂಪಿಗೆ ಸೇರದು, ಶೇ. 18 ಎಂದು ಪ್ರಾಧಿಕಾರ ಹೇಳಿತು. ದೇಶವೆಲ್ಲ ನಕ್ಕಿತು. ಐದು ವರ್ಷ ಕಳೆದು 2025ರ ಸೆಪ್ಟೆಂಬರಿನಲ್ಲಿ ರೊಟ್ಟಿ, ಪರೋಟ ಎರಡಕ್ಕೂ ತೆರಿಗೆ ಸೊನ್ನೆಯಾಯಿತು. ಕಾವಲಿಯ ಮೇಲಿನ ಪರೋಟ ಈ ನಡುವೆ ಒಂದಿಷ್ಟೂ ಬದಲಾಗಿರಲಿಲ್ಲ. ಹಿಟ್ಟು, ಎಣ್ಣೆ, ಉಪ್ಪು ಅದೇ. ತೆರಿಗೆ ಬೀಳುವುದು ವಸ್ತುವಿನ ಮೇಲಲ್ಲ, ವಸ್ತುವಿಗೆ ಯಾರೋ ಇಟ್ಟ ಹೆಸರಿನ ಮೇಲೆ. ನಕ್ಷೆಯ ಪ್ರತಿಯೊಂದು ಕಂಬದ ಬುಡದಲ್ಲೂ ಇಂಥದೊಂದು ನಾಮಕರಣ ನಡೆದಿರುತ್ತದೆ.

ನಾಲ್ಕನೆಯದು ಋಜುಸೂತ್ರನಯ: ಈ ಕ್ಷಣ ಕಾಣುವುದಷ್ಟೇ ನಿಜ, ನಿನ್ನೆ ನಾಳೆಗಳ ಗೊಡವೆ ಬೇಡ ಎನ್ನುವುದು. ಇದರ ಬೆಲೆಯೂ, ಇದನ್ನು ಮರೆತ ಬೆಲೆಯೂ ಮಂಗಳೂರಿಗೆ ಗೊತ್ತು.

1819-20ರಲ್ಲಿ ಕಂಪನಿ ಸರಕಾರ ಹಿಂದಿನ ವರ್ಷಗಳ ವಸೂಲಿಯ ಸರಾಸರಿ ಹಿಡಿದು ಕೆನರಾದ ಪ್ರತಿ ‘ವರ್ಗ’ಕ್ಕೂ, ಅಂದರೆ ಜಮೀನಿನ ಖಾತೆಗೂ, ‘ತರಾವು’ ಎಂಬ ತೆರಿಗೆ ಕಟ್ಟಿತು. ಕಾಗದದ ಮೇಲೆ ನ್ಯಾಯವಾಗಿಯೇ ಕಂಡಿರಬೇಕು: ಇಷ್ಟು ವರ್ಷ ಕೊಟ್ಟದ್ದನ್ನೇ ಕೊಡಿ ಎಂದರೆ ಕೊಡಲಾರೆವು ಎನ್ನುವುದು ಹೇಗೆ? ಸರಾಸರಿಯ ಒಳಗೆ ಮಾತ್ರ ಒಳ್ಳೆಯ ಧಾರಣೆಯ ವರ್ಷಗಳು ಕೂತಿದ್ದವು. ಅಕ್ಕಿಯ ಬೆಲೆ ಇಳಿಯಿತು, ತರಾವು ಇಳಿಯಲಿಲ್ಲ. 1830ರ ಕೊನೆಗೆ ರೈತರು ಅರ್ಜಿಗಳನ್ನು ಬರೆದರು. 1831ರ ಆರಂಭಕ್ಕೆ ‘ಕೂಟ’ ಕಟ್ಟಿದರು. ಊರೂರಿನ ದೇವಸ್ಥಾನಗಳಲ್ಲಿ ಸೇರಿ ಕಿಸ್ತು ಕಟ್ಟುವುದಿಲ್ಲವೆಂದು ನಿಂತರು. ಅವರ ದೊಡ್ಡ ಕೇಂದ್ರ ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನ, ಕ್ರಿ.ಶ. 968ರ ಲೋಕೇಶ್ವರನ ಕಂಚಿನ ವಿಗ್ರಹ ಇರುವ ದೇವಸ್ಥಾನ. ಕತ್ತಿ ಹಿಡಿದ ದಂಗೆಗಿಂತ ಇದು ಅಂಕಿಯ ಮೇಲಿನ ತಕರಾರು. ಆಮೇಲೆ ಸರಕಾರವೇ ವರ್ಗಗಳನ್ನು ‘ಭರ್ತಿ’, ‘ಕಂಭರ್ತಿ’ ಎಂದು ವಿಂಗಡಿಸಿತು: ತರಾವು ಪೂರ್ತಿ ತೆರಬಲ್ಲವು, ತೆರಲಾಗದವು. ಸರಾಸರಿಯ ಒಂದೇ ಗೆರೆ ಎರಡಾಯಿತು.

1837ರ ದಂಗೆಯ ಬೇರೂ ಇಂಥದೇ ಗೆರೆಯಲ್ಲಿದೆ. 1834ರಲ್ಲಿ ಕೊಡಗು ಕಂಪನಿಯ ವಶವಾದಾಗ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿದರು. ಕೊಡಗಿನ ಅರಸರ ಕಾಲದಲ್ಲಿ ತೆರಿಗೆ ಬೆಳೆಯ ರೂಪದಲ್ಲಿ ಹೋಗುತ್ತಿತ್ತು. ಕಂಪನಿ ನಗದು ಕೇಳಿತು. ಮೊತ್ತದ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಆದರೆ ಬತ್ತ ಅಳೆದು ಕೊಡುವವನ ಪಾಲು ಬೆಳೆಯ ಜೊತೆಗೆ ಏರಿಳಿಯುತ್ತದೆ. ನಾಣ್ಯ ಎಣಿಸಿ ಕೊಡುವವನು ಸಂತೆಯ ಧಾರಣೆಗೆ, ಸಾಲ ಕೊಡುವವನ ದಯೆಗೆ ಬೀಳುತ್ತಾನೆ. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ, ಕೊಡಗಿನ ಗದ್ದುಗೆಯ ಹಕ್ಕುದಾರನೆನಿಸಿದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ರೈತರು ಬೆಳ್ಳಾರೆ, ಪುತ್ತೂರು ದಾಟಿ 1837ರ ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದು ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿದರು. ಎರಡು ವಾರದೊಳಗೆ ಎಲ್ಲ ಮುಗಿಯಿತು. 2022ರ ನವೆಂಬರಿನಿಂದ ಅದೇ ಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿದೆ.

ನಯ ದುರ್ನಯವಾಗುವುದು ಎಲ್ಲಿ ಎಂದು ತಿಳಿಯಲು ಇತ್ತೀಚಿನ ಒಂದು ವಾದ ಸಾಕು. 14ನೇ ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕಕ್ಕೆ ಶೇ. 4.713 ಕೊಟ್ಟಿತ್ತು, 2021-26ರ ಅವಧಿಗೆ 15ನೇ ಆಯೋಗ ಕೊಟ್ಟದ್ದು 3.647. ಜಿಎಸ್‌ಟಿ ಸಂಗ್ರಹದಲ್ಲಿ ಮಹಾರಾಷ್ಟ್ರದ ನಂತರದ ರಾಜ್ಯ ಇದು. 2024ರ ಫೆಬ್ರವರಿ 7ರಂದು ರಾಜ್ಯದ ಮುಖ್ಯಮಂತ್ರಿ, ಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಘೋಷಣೆ ಊರೂರಿಗೆ ತಲುಪಿತು. ಕೊಟ್ಟದ್ದರ ಕಂಬ ಎತ್ತರ, ಬಂದದ್ದರ ಕಂಬ ಗಿಡ್ಡ. ನಕ್ಷೆ ನೋಡಿದವರಿಗೆ ರಕ್ತ ಬಿಸಿಯಾಗುವುದು ಸಹಜ.

15ನೇ ಆಯೋಗದ ಸೂತ್ರದಲ್ಲಿ ನೂರಕ್ಕೆ 45 ಅಂಕ ‘ಆದಾಯದ ಅಂತರ’ಕ್ಕೆ ಇತ್ತು, ಅಂದರೆ ಬಡ ರಾಜ್ಯಕ್ಕೆ ಹೆಚ್ಚು. ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯೆ ಹತೋಟಿಗೆ ಹನ್ನೆರಡೂವರೆ, ಕಾಡಿಗೆ 10, ತೆರಿಗೆ ಎತ್ತುವ ಶ್ರಮಕ್ಕೆ ಎರಡೂವರೆ. ಇದು ಗಣಿತದ ವೇಷ ತೊಟ್ಟ ಧರ್ಮಶಾಸ್ತ್ರ. ಹಸಿದವನ ಹಕ್ಕು 45, ದುಡಿದವನ ಹಕ್ಕು ಎರಡೂವರೆ ಎಂದು ಯಾರೋ ತೂಗಿ ಬರೆದಿದ್ದಾರೆ. ಆ ತೂಕ ಸರಿಯೇ ಎಂಬುದಕ್ಕೆ ಯಾವ ನಕ್ಷೆಯಲ್ಲೂ ಉತ್ತರ ಇಲ್ಲ.

ಮಂಗಳೂರಿಗನಿಗೆ ಈ ವಾದದಲ್ಲಿ ಒಂದು ಇಕ್ಕಟ್ಟೂ ಇದೆ. ರಾಜ್ಯದ ಆರ್ಥಿಕ ಸಮೀಕ್ಷೆಗಳಲ್ಲಿ ತಲಾ ಆದಾಯದಲ್ಲಿ ಬೆಂಗಳೂರು ನಗರದ ನಂತರದ ಸ್ಥಾನ ದಕ್ಷಿಣ ಕನ್ನಡಕ್ಕೆ. ಪಟ್ಟಿಯ ಕೊನೆಯಲ್ಲಿ ಕಲಬುರಗಿ. ನನ್ನ ತೆರಿಗೆ ನನ್ನ ಹಕ್ಕು ಎಂಬುದು ದೆಹಲಿಯ ಮುಂದೆ ಸರಿಯಾದರೆ ಕಲಬುರಗಿಯ ಮುಂದೆಯೂ ಸರಿಯಾಗಬೇಕಲ್ಲ? ಅಲ್ಲಿ ಹಾಗೆ ಕೂಗಲು ಯಾರಿಗೂ ಬಾಯಿ ಬರುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆಂದೇ ಸಂವಿಧಾನಕ್ಕೆ 371ಜೆ ವಿಧಿ ಸೇರಿಸಿಕೊಂಡದ್ದನ್ನು ನಾಡು ನ್ಯಾಯವೆಂದೇ ಒಪ್ಪಿದೆ. ‘ನಮ್ಮವರು’ ಎಂಬ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಹಂಚಿಕೆ, ಅದರಾಚೆ ಸುಲಿಗೆ. ಆ ಗೆರೆ ಎಳೆದದ್ದು ಅಂಕಿಯಲ್ಲ, ಬಾಂಧವ್ಯ.

ಇಷ್ಟಕ್ಕೂ ‘ನನ್ನ ತೆರಿಗೆ’ಯಲ್ಲಿ ‘ನನ್ನ’ ಎಷ್ಟು? ಎಂಆರ್‌ಪಿಎಲ್‌ನಿಂದ ಹೊರಬೀಳುವ ಪೆಟ್ರೋಲಿನ ಅಬಕಾರಿ ಸುಂಕ ಮಂಗಳೂರಿನ ಲೆಕ್ಕದಲ್ಲಿ ಜಮೆಯಾಗಬಹುದು. ಆ ಪೆಟ್ರೋಲು ಹಾಸನದ ಮೇಲಿನ ಕೊಳವೆಮಾರ್ಗದಲ್ಲಿ ಬೆಂಗಳೂರು ಸೇರಿ, ಅಲ್ಲಿನ ಆಟೋದವನ ಕಿಸೆಯಿಂದ ಸುಂಕ ತೆರಿಸುತ್ತದೆ. ಪಣಂಬೂರಿನ ಬಂದರಿನಲ್ಲಿ ಕಟ್ಟಿದ ಆಮದು ಸುಂಕವನ್ನು ಹೊರುವವರು ಘಟ್ಟದ ಮೇಲೆಲ್ಲ ಇದ್ದಾರೆ. ಸಂಗ್ರಹದ ನಕ್ಷೆಯಲ್ಲಿ ಮಂಗಳೂರು ಎತ್ತರ ಕಂಡರೆ ಆ ಎತ್ತರದ ಒಂದಂಶ ಇತರರ ಬೆವರು. ಶತಪಥ ಬ್ರಾಹ್ಮಣದಲ್ಲಿ ಹುಟ್ಟಿದ ಮನುಷ್ಯನಿಗೆ ದೇವರು, ಋಷಿ, ಪಿತೃಗಳ ಋಣದ ಜೊತೆ ನಾಲ್ಕನೆಯದಾಗಿ ಮನುಷ್ಯರ ಋಣವನ್ನೂ ಹೇಳಿದೆ. ಮುಂದೆ ಮೂರೇ ಋಣಗಳ ಮಾತು ಪ್ರಚಾರಕ್ಕೆ ಬಂತು; ನಾಲ್ಕನೆಯದನ್ನು ಬಹುಪಾಲು ಜನ ಮರೆತರು.

ಬಂದರಿನ ದಕ್ಕೆಯ ಬಳಿಯ ಹಳೆಯ ಮಸೀದಿಗೆ ಹೋಗುವ ವ್ಯಾಪಾರಿಯ ಲೆಕ್ಕ ಇನ್ನೊಂದು ಬಗೆ. ಅವನ ಜಕಾತ್ ನಲವತ್ತರಲ್ಲೊಂದು, ಮತ್ತು ಅದು ವರ್ಷದ ಗಳಿಕೆಯ ಮೇಲಲ್ಲ, ವರ್ಷ ದಾಟಿ ಉಳಿದ ಸಂಪತ್ತಿನ ಮೇಲೆ. ಭಾರತ ಸರಕಾರ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ ಬಿಟ್ಟಿತು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಕೈಬಿಟ್ಟಿತು, ಅದರಿಂದ ಬರುತ್ತಿದ್ದುದು ವರ್ಷಕ್ಕೆ ಸಾವಿರ ಕೋಟಿಯ ಆಸುಪಾಸು ಮಾತ್ರ ಎಂಬುದು ಕಾರಣ. ತೆಗೆದ ಮೇಲೆ ನಕ್ಷೆಯಿಂದಲೂ ಅದು ಹೋಯಿತು. ಕಪಾಟಿನಲ್ಲಿ ಕೂತ ಚಿನ್ನ, ಬೆಲೆ ಏರುತ್ತ ಮಲಗಿದ ಜಾಗ ಇವು ಈಗ ಮಸೀದಿಯ ಲೆಕ್ಕದಲ್ಲಿವೆ, ದೇಶದ ನಾಣ್ಯದ ಚಿತ್ರದಲ್ಲಿ ಇಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವನಿದ್ದ. ಸುಂಕ ವಸೂಲಿ ಅವನ ಕಾಯಕ. ಬಂಕೇಶ್ವರಲಿಂಗ ಅಂಕಿತದ ಅವನ ವಚನಗಳಲ್ಲಿ ಸುಂಕದ ಕಟ್ಟೆಯ ಮಾತುಗಳೇ ಅನುಭಾವದ ಮಾತುಗಳಾಗುತ್ತವೆ. ಹೇರು ಇಳಿಸಿ ತೋರಿಸು ಎಂದು ಕೇಳುವ ಅಧಿಕಾರ ಇದ್ದವನು ಅದೇ ಪ್ರಶ್ನೆಯನ್ನು ತನ್ನ ಕಡೆಗೂ ತಿರುಗಿಸಿಕೊಂಡ.

ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಮನೆಮನೆಯಲ್ಲಿ ಇದೇ ಪ್ರಶ್ನೆ ಸಣ್ಣದಾಗಿ ಹುಟ್ಟುತ್ತದೆ. ಆ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ, ಲಾಲ್‌ಬಾಗಿನ ಪಾಲಿಕೆ ಕಚೇರಿಯಲ್ಲಿ ಜನ. ಹೆಸರೇ ‘ಸ್ವಯಂ ಘೋಷಣೆ’. ಶಾನುಭೋಗ ಬಂದು ಅಳೆಯುವುದಿಲ್ಲ, ಚಿತ್ರಗುಪ್ತನೂ ಇಲ್ಲ. ನಿವೇಶನದ ಅಳತೆ, ಕಟ್ಟಡದ ಅಳತೆ, ಕಟ್ಟಿದ ವರ್ಷ, ವಾಸಕ್ಕೋ ವ್ಯಾಪಾರಕ್ಕೋ ಎಲ್ಲವನ್ನೂ ಮನೆಯವನೇ ಬರೆಯಬೇಕು. ಬರೆಯುತ್ತ ಹೋದವನ ಕೈ ಒಂದು ಕಡೆ ನಿಲ್ಲುತ್ತದೆ. ಹೋದ ಮಳೆಗಾಲದ ಮೊದಲು ತಾರಸಿಗೆ ಹಾಕಿಸಿದ ಶೀಟು. ಮೂರು ಕಡೆ ಗೋಡೆಯಿಲ್ಲ. ಬಟ್ಟೆ ಒಣಗಿಸುತ್ತಾರೆ, ಸೌದೆ ಇಡುತ್ತಾರೆ, ಮೊನ್ನೆ ಒಂದು ಮಂಚವೂ ಏರಿದೆ. ಅದು ಕಟ್ಟಡವೋ, ಮನೆಗೆ ಹಿಡಿದ ಕೊಡೆಯೋ? ಪಕ್ಕದ ಮನೆಯವರು ಅದನ್ನು ಏನೆಂದು ಬರೆದರೋ ಗೊತ್ತಿಲ್ಲ. ಅವನು ಪೆನ್ನು ಕೆಳಗಿಟ್ಟು ಮಗಳ ಪೆಟ್ಟಿಗೆಯಿಂದ ಪೆನ್ಸಿಲು ತೆಗೆದು, ಅಳಿಸಬಹುದಾದ ಹಾಗೆ, ಒಂದು ಅಂಕಿ ಬರೆಯುತ್ತಾನೆ.